ಗೋಡೆ ಕೆಡವುವ ಭಾವ

ನಮ್ಮ ಭಾವ ಕೆಡವದ ಮನೆ ಚಳ್ಳಕೆರೆಯಲ್ಲಿ ಒಂದೂ ಉಳಿದಿಲ್ಲ. ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಬೇಡಿ! ಆ ಪುಣ್ಯಾತ್ಮ ಜನ್ಮದಲ್ಲಿ ಒಂದು ಮೊಳೆ ಹೊಡೆದವರಲ್ಲ. ಅಲ್ಲಿನ ಕಾಲೇಜೊಂದರಲ್ಲಿ ಸಿವಿಲ್ ಮೇಷ್ಟ್ರು, ಕೆಡವುವುದೆಲ್ಲ ಕಂಪ್ಯೂಟರಿನೊಳಗೆ. ಇಟ್ಟಿಗೆ, ಗಾರೆ, ಕಾಂಕ್ರೀಟನ್ನು ಸಾವಿರಾರು ಚೂರು ಮಾಡಿ ಅದರೊಳಗೆ ಜೋಡಿಸಿ, ಮೇಲೊಂದು ಸ್ಫೋಟವನ್ನೋ ಭೂಕಂಪವನ್ನೋ ಬಿಟ್ಟು, ಮೊದಲ ಬಿರುಕು ಎಲ್ಲಿ ಬರುತ್ತದೆಂದು ಕಾಯುತ್ತಾ ಕೂರುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುವ ಗೋಡೆಯನ್ನು ಬೀಳಿಸಲು ಆ ಯಂತ್ರಕ್ಕೆ ಮೂರು ದಿನ ಬೇಕು! ಜೆಸಿಬಿಯವನಿಗೆ ಹೇಳಿದ್ದರೆ ಟೀ ಆರುವುದರೊಳಗೆ ಮುಗಿಸುತ್ತಿರಲಿಲ್ಲವೇ?

ನಂಟರ ಮನೆಗೆ ಕರೆದುಕೊಂಡು ಹೋದರಂತೂ ಫಜೀತಿ. ಗಾರೆಯ ಗುಣ ಗೊತ್ತಿಲ್ಲದೆ ಲೆಕ್ಕ ಕೂಡುವುದಿಲ್ಲವಂತೆ. ಅದಕ್ಕೆ ಬೈಕಿನ ಕೀಲಿಯಿಂದ ಕಂಡವರ ಗೋಡೆ ಕೆರೆದು, ಪುಡಿಯನ್ನು ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಳ್ಳುತ್ತಾರೆ. ನನಗೆ ಹೆಣ್ಣು ನೋಡಲು ತಳಕಿಗೆ ಹೋದಾಗ, ಅತ್ತ ಹುಡುಗಿ ಉಪ್ಪಿಟ್ಟು ತಂದರೆ ಇತ್ತ ಇವರು ಕಿಟಕಿಯ ಮೂಲೆ ಕೆರೆಯುತ್ತಿದ್ದರು. ಏನು ಸಮಾಚಾರ ಎಂದು ಹುಡುಗಿಯ ಅಪ್ಪ ಕೇಳಿದ್ದಕ್ಕೆ, ನಿಮ್ಮ ಮನೆ ಬೀಳುವುದಾದರೆ ಇಲ್ಲಿಂದಲೇ ಶುರುವಾಗುತ್ತದೆ ಎಂದು ಶುಭ ನುಡಿದರು. ಆ ಮನೆಯವರು ಮತ್ತೆ ನಮಗೆ ಫೋನ್ ಮಾಡಲಿಲ್ಲ.

ಮೊಳಕಾಲ್ಮೂರಿನ ನಮ್ಮ ಮನೆಯ ಸರದಿ ಬಂದಿದ್ದು ಕಳೆದ ವರ್ಷ. ಊರಾಚೆ ಕಲ್ಲು ಕ್ವಾರಿ ಶುರುವಾಗಿ ದಿನಾ ಮಧ್ಯಾಹ್ನ ಬಂಡೆ ಸಿಡಿಸುತ್ತಿದ್ದರು. ಅವ್ವ ನೆಲದ ಗುಂಡಿಗಿಳಿದು ಕೂತು ರೇಷ್ಮೆ ಸೀರೆ ನೇಯುವ ಗುಂಡಿಮಗ್ಗ ಇರುವುದು ಮನೆಯೊಳಗೇ, ಅವಳ ಬೆನ್ನ ಹಿಂದೆಯೇ ಹಳೆಯ ಮಣ್ಣುಗಾರೆಯ ಗೋಡೆ. ಭಾವ ಅದನ್ನೂ ಕೆರೆದರು, ಅಳೆದರು, ಚಳ್ಳಕೆರೆಗೆ ಹೋಗಿ ಕೆಡವಿದರು. ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ಹಚ್ಚಿ ನಲವತ್ತು ಸಲ ಕೆಡವಿದರೆ ನಲವತ್ತು ಸಲವೂ ಅದು ಮಗ್ಗದ ಕಡೆಗೇ ಬಿತ್ತಂತೆ. ಮುಖ ಸಣ್ಣದು ಮಾಡಿಕೊಂಡು ಬಂದು, ಮಗ್ಗ ನಿಲ್ಲಿಸಿ, ಗೋಡೆ ಇಳಿಸಿ ಹೊಸದು ಕಟ್ಟೋಣ ಎಂದರು.

ಅವ್ವ ಒಪ್ಪುತ್ತಾಳೆಯೇ? ಮಗ್ಗಕ್ಕೇರಿದ ಸೀರೆಯನ್ನು ನಡುವೆ ಕೊಯ್ಯುವುದು ನಮ್ಮ ಮನೆತನದಲ್ಲೇ ಇಲ್ಲ. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. ಅದರಲ್ಲೇ ಅಳಿಯನ ಕಂಪ್ಯೂಟರಿಗೆ ಸರಿಯಾಗಿ ಮಂಗಳಾರತಿ ಮಾಡಿದಳು. ಕೊನೆಗೆ ಕನ್ನಡಕ್ಕೆ ಬಂದಳು.

"ಇನ್ನ ಹತ್ತು ದಿನದ ನೇಯ್ಗೆ ಐತ್ರಿ. ಅಲ್ಲೀಗಂಟ ನಾ ಏಳಲ್ಲ."

ಸಿಡಿಸುವ ಹೊತ್ತಿಗಾದರೂ ಹೊರಗೆ ಬನ್ನಿ ಎಂದು ಭಾವ ಬೇಡಿಕೊಂಡರೆ, ಮಂಡಿನೋವಿನವಳು ಬೆಳಿಗ್ಗೆ ಗುಂಡಿಗಿಳಿದರೆ ಸಂಜೆಗೇ ಏಳುವುದು ಎಂದಳು. ಹತ್ತು ದಿನ ತಡೆಯಿರೆಂದು ಕ್ವಾರಿಯವರನ್ನೂ ಕೇಳಿ ನೋಡಿದೆವು. ಅವರು ನಕ್ಕು ಕಳಿಸಿದರು.

ಮಾರನೆಯ ಮಧ್ಯಾಹ್ನ ಒಳಗೆ ಹೋಗಿ ನೋಡಿದರೆ, ಕಾಲೇಜಿಗೆ ರಜೆ ಹಾಕಿ ಬಂದ ಭಾವ ಅವ್ವನ ಹಿಂದೆ, ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾರೆ! ಕ್ವಾರಿಯ ಸೈರನ್ ಕೂಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಭಾವ, ನಿಮ್ಮ ಬೆನ್ನು ಎಷ್ಟು ತಡೀತೈತೆ ಅಂತ ಲೆಕ್ಕ ಹಾಕೀರಾ?"

"ಹಾಕೀನಿ ಕಣೋ," ಎಂದರು ಮೆಲ್ಲಗೆ, ಅವ್ವನಿಗೆ ಕೇಳದ ಹಾಗೆ. "ಏನೂ ತಡಿಯಲ್ಲ."

ದೂರದಲ್ಲಿ ಢಂ ಎಂದಿತು. ಗೋಡೆಯ ಮಣ್ಣು ಉದುರಿ ಭಾವನ ತಲೆ, ಹೆಗಲೆಲ್ಲ ಕೆಂಪಾಯಿತು. ಅವರು ಕಣ್ಣು ಮುಚ್ಚಿದ್ದರು, ಆದರೆ ಕದಲಲಿಲ್ಲ. ಅವ್ವನ ಲಾಳಿ ಓಡುತ್ತಲೇ ಇತ್ತು. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಹತ್ತನೆಯ ದಿನ ಸೀರೆ ಮುಗಿಯಿತು, ಹನ್ನೊಂದನೆಯ ದಿನ ಗೋಡೆ ಇಳಿಸಿದೆವು. ಅಷ್ಟೂ ಮಧ್ಯಾಹ್ನ ಅವರು ಅಲ್ಲೇ ನಿಂತರು. ಎರಡನೆಯ ದಿನದಿಂದ ಪಕ್ಕದಲ್ಲಿ ನಾನೂ ನಿಂತೆ.