ಕಂಬಿಯ ಬಾಣಂತನ

ಹಿಮಾಯತ್‌ನಗರದ ಕಾಶಿನಾಥನ ಬಾಡಿಗೆ ಮನೆಗೆ ತೊಲೆಯ ಬದಲು ಹಳೆಯ ರೈಲು ಕಂಬಿ. ಅದು ಎರಡು ಅಂತಸ್ತು ಹೊತ್ತಿತ್ತು. ಒಂದು ತೊಟ್ಟಿಲು ತೂಗಲು ಮಾತ್ರ ಅದಕ್ಕೆ ಕೊಂಡಿ ಇರಲಿಲ್ಲ.

"ಮಗಳಿಗೆ ಅಪ್ಪ ಆಗೀರಿ, ಒಂದು ಕೊಂಡಿ ಹಾಕ್ಸಾಕ ಆಗಂಗಿಲ್ಲೇನು? ತೊಟ್ಟಿಲಿಗೆ ಜಾಗಾ ಇಲ್ಲಂದ್ರ ಕೂಸು-ಬಾಣಂತಿ ಹೊಳ್ಳಿ ರಾಯಚೂರಿಗೇ!" ಎಂದು ಅತ್ತೆ ಗಂಗೂಬಾಯಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಇವತ್ತು ಸಂಜೆ ಇಬ್ಬರನ್ನೂ ಕರೆದುಕೊಂಡು ಬರುವವಳಿದ್ದಳು. ತಿಂಗಳುಗಟ್ಟಲೆ ಹೆಂಡತಿ ವಿಜಯಶ್ರೀಯನ್ನೂ ಮಗಳನ್ನೂ ಫೋನಿನಲ್ಲೇ ನೋಡಿ ಕಾಶಿನಾಥ ಸೊರಗಿಹೋಗಿದ್ದ.

ಬೆಳಿಗ್ಗೆ ವೆಲ್ಡರ್ ಬಂದು ಕಂಬಿ ಕಾಯಿಸಿ ಕೊಂಡಿ ಬೆಸೆದ. "ರೈಲಿನ ಉಕ್ಕು ಸಾಬ್, ಫಟ್ಟನೆ ತಣ್ಣಗಾದ್ರೆ ಗಾಜಾಗ್ತದೆ. ಆಹಿಸ್ತಾ, ನಿಧಾನಕ್ಕೆ ಆರಲಿ," ಎಂದು ಚಹಾಕ್ಕೆ ಹೋದ.

ಪಕ್ಕದ ಮನೆಯ ಅಮರೇಶಪ್ಪನವರಿಗೆ ರಿಟೈರಾದ ಮೇಲೆ ಊರ ಉಸಾಬರಿಯೇ ನೌಕರಿ. "ಸಂಜೀಮಟಾ ಕಾಯ್ತಿಯೇನೋ ಹುಚ್ಚಪ್ಪಾ?" ಎಂದು ಏಣಿ ಹತ್ತಿ ತಂಬಿಗೆ ನೀರು ಹೊಯ್ದೇಬಿಟ್ಟರು. ಸುಂಯ್! ಕಾಶಿನಾಥ ಕೊಂಡಿ ಜಗ್ಗಿದ. ಅದು ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

"ಮಾಲೇ ಖರಾಬು," ಎಂದರು ಅಮರೇಶಪ್ಪ.

ಚಹಾ ಮುಗಿಸಿ ಬಂದ ವೆಲ್ಡರ್ ಬಯ್ಯುತ್ತ ಬಿರುಕು ಉಜ್ಜಿ ತೆಗೆದು, ಮತ್ತೆ ಕಾಯಿಸಿ ಬೆಸೆದು, ಬೆಂಕಿಗೆ ಜಗ್ಗದ ದಪ್ಪ ಬಟ್ಟೆ ಸುತ್ತಿದ. "ಫ್ಯಾನ್ ಬಂದ್. ಕಿಟಕಿ ಬಂದ್. ಸಂಜೆ ಬಿಚ್ಚಿ," ಎಂದು ಹೇಳಿ ಹೋದ.

ಮೇಲಿನ ಮನೆಯ ಶಂಕ್ರಮ್ಮ ನೋಡಲು ಬಂದಳು. "ಅಯ್ಯ, ಥೇಟ್ ಬಾಣಂತಿ! ಕಿವಿ ಕಟ್ಟ್ಯಾರ, ಗಾಳಿ ಬಿಡಂಗಿಲ್ಲ. ಬಾಣಂತಿಗೆ ಕೊಡೂ ಅಳವಿ ಪಾಯಸಾನೂ ಒಂದೀಟು ಕುಡಿಸ್ರಿ."

ಮೇ ತಿಂಗಳ ಸೆಕೆಯಲ್ಲಿ ಕಾಶಿನಾಥ, ಅಮರೇಶಪ್ಪ, ಶಂಕ್ರಮ್ಮ ಮೂವರೂ ಕಡುಬಿನಂತೆ ಬೆಂದರು. ಅಮರೇಶಪ್ಪನವರ ಕೈಯಿಂದ ತಂಬಿಗೆಯನ್ನು ಮತ್ತೆ ಮತ್ತೆ ಕಿತ್ತುಕೊಳ್ಳಬೇಕಾಯಿತು.

ಸಂಜೆ ಬಟ್ಟೆ ಬಿಚ್ಚಿದರು. ಜಗ್ಗಿದರೆ ಕೊಂಡಿ ಮಿಸುಕಲಿಲ್ಲ.

"ಜಗ್ಗಿದ್ರ ಸಾಲದು, ಕೂಸಿನ ಜೀವ ಅದು. ನೀನ ಕುಂತು ನೋಡು," ಎಂದು ಶಂಕ್ರಮ್ಮ ತನ್ನ ಹಳೇ ಸೀರೆಯನ್ನು ಕೊಂಡಿಗೆ ಕಟ್ಟಿ ಜೋಳಿಗೆ ಮಾಡಿದಳು. ಕಾಶಿನಾಥ ಕಾಲು ಮಡಚಿ ಒಳಗೆ ತೂರಿಕೊಂಡ. ಅಮರೇಶಪ್ಪ ತೂಗಿದರು. ಕೊಂಡಿ ಕಿರ್ ಅನ್ನಲಿಲ್ಲ. ಇಡೀ ದಿನದ ದಣಿವು, ಈಗಷ್ಟೇ ಹಾಕಿದ ಫ್ಯಾನು, ಮೇಲೆ ಶಂಕ್ರಮ್ಮನ ಚೇಷ್ಟೆಯ ಜೋ ಜೋ. ಕಾಶಿನಾಥನಿಗೆ ನಿದ್ದೆ ಹತ್ತಿಯೇಬಿಟ್ಟಿತು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಗಂಗೂಬಾಯಿ, ಕಂಕುಳಲ್ಲಿ ಕೂಸು. ಹಿಂದೆ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದ ವಿಜಯಶ್ರೀ.

"ಕೊಂಡಿ ಭಾಳ ಗಟ್ಟಿ ಐತ್ರೀ ಅತ್ತೀ!" ಎಂದ, ಜೋಳಿಗೆಯೊಳಗಿಂದಲೇ.

ಗಂಗೂಬಾಯಿ ಕಂಬಿ ನೋಡಿದಳು, ಅಳಿಯನನ್ನು ನೋಡಿದಳು, ಇಳಿಸಿದ್ದ ಚೀಲವನ್ನು ಮತ್ತೆ ಎತ್ತಿಕೊಂಡಳು.

"ಗಟ್ಟಿ ಐತಿ ಖರೆ. ಆದ್ರ ತೊಟ್ಟಿಲು ತುಂಬೇತಲ್ಲ! ನಡಿ ವಿಜಯಾ. ಜೋಳಿಗ್ಯಾಗಿನ ಈ ಕೂಸು ಒಂದೀಟು ದೊಡ್ಡದಾಗಲಿ, ಆಮ್ಯಾಲೆ ನಮ್ಮ ಕೂಸನ್ನ ಕರಕೊಂಡು ಬರೂಣಂತ."