ಮಾವನವರ ಬ್ಯಾಟಿಂಗ್ ಸರಾಸರಿ

ಮಾವನನ್ನು ಒಮ್ಮೆಯಾದರೂ ಸೋಲಿಸಬೇಕೆಂಬ ಆಸೆ ಎಲ್ಲ ಅಳಿಯಂದಿರಿಗೂ ಇರುತ್ತದೆ ಎಂದು ನನ್ನ ನಂಬಿಕೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಬಂಗಾರಪೇಟೆಯ ಶಾಲೆಯೊಂದರಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟ ನನಗೆ ಮುಚ್ಚುಮರೆ ರೂಢಿಯಿಲ್ಲ. ನಮ್ಮ ಮಾವ ಚಾಂಪಿಯನ್ ರೀಫ್ಸಿನವರು, ಅಲ್ಲಿನ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. ಅವರನ್ನು ಕೇಳಿದರೆ ದುಡಿಮೆ ಆಮೇಲೆ, ಮೊದಲು ಗಣಿ ತಂಡದ ಓಪನಿಂಗ್ ಬ್ಯಾಟ್ಸ್‌ಮನ್. ಭಾನುವಾರ ಅವರ ಮನೆಗೆ ಊಟಕ್ಕೆ ಹೋದರೆ ಮುದ್ದೆ ಮುರಿಯುವ ಮೊದಲೇ ಆಟ ಶುರು. ಅವರು ಹೊಡೆದ ಚೆಂಡು ಗಣಿಯ ಕಸಮಣ್ಣು ಗುಡ್ಡೆಹಾಕಿದ ಸಯನೈಡ್ ದಿಬ್ಬದ ಆಚೆ ಬಿತ್ತಂತೆ. ನನ್ನ ಮದುವೆಯಾದ ವರ್ಷ ಹೇಳಿದಾಗ ಅದೇ ಚೆಂಡು ದಿಬ್ಬದ ಈಚೆಗೇ ಬಿದ್ದಿತ್ತು.

ನಾನೂ ಕಾಲೇಜು ತಂಡದಲ್ಲಿ ಆಡಿದವನೇ. ನನ್ನ ಸರಾಸರಿ ಇಪ್ಪತ್ತೆರಡು. ಹೆಣ್ಣು ನೋಡಲು ಹೋದಾಗ ಜಾತಕಕ್ಕಿಂತ ಮೊದಲು ಅದನ್ನೇ ಹೇಳಿದ್ದೆ.

ಹೋದ ತಿಂಗಳು ಮಾರಿಕುಪ್ಪಂನಲ್ಲಿರುವ ಅವರ ತಂಡದ ಹಳೆಯ ಸ್ಕೋರರು ಟ್ರಂಕು ಕೆದಕುವಾಗ ಸಿಕ್ಕಿದ ಇಡೀ ಗಣಿ ಲೀಗಿನ ಸ್ಕೋರ್ ಪುಸ್ತಕವನ್ನು ಮಾವನವರಿಗೆ ಕಳಿಸಿದರು. ಮಾವ ಅದನ್ನು ನನ್ನ ಕೈಗಿಟ್ಟು, "ಮೇಷ್ಟ್ರೇ, ನಂದೆಷ್ಟು ಬತ್ತದೆ ನೋಡಿ. ಹಳೇ ಟೀಮ್‌ನೋರೆಲ್ಲ ಸೇರ್ತಾವ್ರೆ, ಎದ್ ನಿಂತು ಯೋಳ್ಬೇಕು," ಅಂದರು.

ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದರೆ ಆಯಿತು. ಹತ್ತೊಂಬತ್ತು ಸಲ ಔಟಾಗಿದ್ದರು. ಉತ್ತರ ಹದಿನಾಲ್ಕು. ಇನ್ನೊಮ್ಮೆ ಭಾಗಿಸಿದೆ, ಖಚಿತಪಡಿಸಿಕೊಳ್ಳಲಿಕ್ಕಲ್ಲ, ಖುಷಿಗೆ. ಮುಂದಿನ ಭಾನುವಾರ ಊಟದ ನಡುವೆ, ಹವಾಮಾನ ವರದಿ ಓದುವವನಂತೆ, "ಹದಿನಾಲ್ಕು ಮಾವ," ಅಂದೆ.

"ಅಷ್ಟೇನಾ?" ಅಂದರು. ತಟ್ಟೆ ಸರಿಸಿ, "ನಾನ್ ಓಗಾಕಿಲ್ಲ ಬಿಡಿ, ಮಂಡಿ ನೋವು," ಅಂದರು. ಅಂದು ಚೆಂಡು ದಿಬ್ಬದ ಹತ್ತಿರಕ್ಕೂ ಹೋಗಲಿಲ್ಲ. ಇಷ್ಟು ವರ್ಷ ಬಯಸಿದ್ದ ಗೆಲುವು ಅದು. ಸಿಕ್ಕಿದ ಮೇಲೆ ಎರಡನೇ ಮುದ್ದೆ ಬೇಡವೆಂದು ಎದ್ದೆ.

ವಾಪಸು ಬರುವಾಗ ರೈಲಿನಲ್ಲಿ ಹೆಂಡತಿ ಜಗಳವಾಡಲಿಲ್ಲ. "ರೀ, ಮಿಕ್ಕೋರದ್ದೆಷ್ಟು?" ಎಂದಷ್ಟೇ ಕೇಳಿದಳು. ಒಬ್ಬ ಹುಡುಗನ ಅಂಕ ನೋಡಿ ಬೈಯುವ ಮೊದಲು ಇಡೀ ತರಗತಿಯ ಸರಾಸರಿ ನೋಡಬೇಕೆಂದು ಸಹೋದ್ಯೋಗಿಗಳಿಗೆ ಉಪದೇಶ ಮಾಡುವವನು ನಾನೇ. ಮತ್ತೆ ಪುಸ್ತಕ ಬಿಚ್ಚಿದೆ. ಆ ಗಣಿ ಲೀಗಿನಲ್ಲಿ ಆಡಿದ ಎಲ್ಲರ ಸರಾಸರಿ ಬರೀ ಒಂಬತ್ತು. ಇನ್ನೊಂದು ವಿಚಿತ್ರವೂ ಕಂಡಿತು. ಮಾವ ಔಟಾದ ಐದು ಕಡೆ ಬೌಲರನ ಹೆಸರಿಲ್ಲ, 'ಶಿಫ್ಟ್' ಎಂದು ಬರೆದಿತ್ತು.

ಸ್ಕೋರರಿಗೆ ಫೋನು ಮಾಡಿ, ಶಿಫ್ಟ್ ಎಂದರೆ ಗಣಿಯ ಪಾಳಿಯೇ ಎಂದು ಕೇಳಿದೆ. "ಆಮಾ ಸಾರ್, ಶಿಫ್ಟ್ ಸೈರನ್ ಊದಿದ್ರೆ ಬ್ಯಾಟ್ ಬಿಸಾಕಿ ಓಡ್ಬೇಕಿತ್ತು, ಇಲ್ಲಾಂದ್ರೆ ಒಳಗೆ ಇಳಿಸ್ತಿರಲಿಲ್ಲ. ಓಡಿದೋರ್ನ ಔಟ್ ಅಂತ ಬರ್ಕೊಂಡೆ. ಎಲ್ಲಾರಿಗೂ ಅದೇ ರೂಲ್ಸು," ಅಂದರು. ಅಂದರೆ ಆ ಐದು ಸಲ ಮಾವನವರನ್ನು ಔಟು ಮಾಡಿದ್ದು ಗಣಿ. ಅದನ್ನು ಗಮನಿಸದೆ ನಾನು ಖುಷಿಗೆಂದು ಎರಡು ಸಲ ಭಾಗಿಸಿದ್ದೆ. ನಾಚಿಕೆಯಾಯಿತು. ಎಲ್ಲರ ಶಿಫ್ಟುಗಳನ್ನೂ ತೆಗೆದು ಹೊಸದಾಗಿ ಲೆಕ್ಕ ಹಾಕಿದೆ. ಲೀಗಿನದು ಹತ್ತಾಯಿತು, ಮಾವನವರದು ಹತ್ತೊಂಬತ್ತು.

ಮುಂದಿನ ಭಾನುವಾರ ಎರಡೂ ಸಂಖ್ಯೆ ಬರೆದ ಚೀಟಿ ಕೊಟ್ಟು ಹೇಳಿದಾಗ ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಒಂದ್ಸಲ ನಲವತ್ತೊಂದ್ ಒಡ್ದಿದ್ದೆ ಮೇಷ್ಟ್ರೇ, ಸೈರನ್ ಊದ್‌ಬುಡ್ತು," ಅಂದರು. ಮಂಡಿ ನೋವು ಅಲ್ಲೇ ವಾಸಿಯಾಯಿತು. ಚೆಂಡು ಈ ಸಲ ದಿಬ್ಬ ದಾಟಿ ಮಾರಿಕುಪ್ಪಂ ಸ್ಟೇಷನ್ನಿನವರೆಗೂ ಹೋಯಿತು. ನಾನು ತಡೆಯಲಿಲ್ಲ.

ಕೈ ತೊಳೆಯುತ್ತ, "ನಿಮ್ದೆಷ್ಟು ಅಂದ್ರಿ?" ಎಂದು ಕೇಳಿದರು. "ಇಪ್ಪತ್ತೆರಡು," ಅಂದೆ, ಎದೆಯುಬ್ಬಿಸಿ.

"ಮಿಕ್ಕೋರದ್ದೆಷ್ಟು?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ನಮ್ಮ ಕಾಲೇಜಿನ ಲೀಗಿನಲ್ಲಿ ಎಲ್ಲರ ಸರಾಸರಿ ಮೂವತ್ತೊಂದು. ವಾರ್ಷಿಕ ಸಂಚಿಕೆಯ ಆ ಪುಟ ನನಗೆ ಬಾಯಿಪಾಠ. ತಂಡದಲ್ಲಿ ನನಗಿಂತ ಕೆಳಗಿದ್ದವನು ಒಬ್ಬನೇ, ಆಳು ಕಡಿಮೆ ಬಿದ್ದಾಗ ಆಡಿದ ನಮ್ಮ ಸ್ಕೋರರ್. ಮಾವ ಟವೆಲ್ಲು ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಸೈರನ್ ಊದಿದ್ದರೆ ನಾನೂ ಎಲ್ಲವನ್ನೂ ಬಿಸಾಕಿ ಓಡುತ್ತಿದ್ದೆ. ಆದರೆ ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ.