ನಮ್ಮ ಮನೆಯ ಮಾಲಿ

ನೆಲದ ಕೆಲಸ ಮಾಡುವವರು ನೆಲಕ್ಕೆ ಬಾಗಬೇಕು ಎಂಬುದು ಲೋಕರೂಢಿ. ನಮ್ಮ ಕಾಕಾ ಅದಕ್ಕೆ ಒಪ್ಪಲಿಲ್ಲ. ಅವರು ನೆಲವನ್ನೇ ತಮ್ಮ ಹತ್ತಿರಕ್ಕೆ ಕರೆಸಿಕೊಂಡರು. ಇದು ಉತ್ಪ್ರೇಕ್ಷೆ ಎನ್ನಬೇಡಿ. ಶಹಾಬಾದಿನ ನಮ್ಮ ಮನೆಯಂಗಳದಲ್ಲಿ ನೆಲ ಮೊಳದೆತ್ತರ ಎದ್ದು ನಿಂತಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಕಂಡು ನಕ್ಕವರೂ ಇದ್ದಾರೆ. ಮುಖ ಮುಚ್ಚಿಕೊಂಡವಳು ಮಾತ್ರ ಒಬ್ಬಳೇ. ಅವಳ ಕಥೆಯನ್ನೇ ಈಗ ಹೇಳಲು ಹೊರಟಿದ್ದೇನೆ, ಏಕೆಂದರೆ ಅವಳು ನಾನು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹರೆಯದಲ್ಲಿ ಅವರದು ಊರ ಹೊರಗಿನ ಫರಸಿ ಖಣಿಯಲ್ಲಿ ಹಾಸುಗಲ್ಲು ಎಬ್ಬಿಸುವ ಕೆಲಸ. ಒಂದು ದಿನ ಎಬ್ಬಿಸಿದ ಕಲ್ಲು ಜಾರಿ ಕಾಲ ಮೇಲೆ ಕೂತಿತು. ಎರಡೂ ಕಾಲು ಮೊಣಕಾಲಿನಿಂದ ಕೆಳಗೆ ಹೋದವು. ಆಸ್ಪತ್ರೆಯಿಂದ ಬಂದವರು ಬಡಿಗನಿಂದ ಒಂದು ಹಲಗೆ, ಲಾರಿ ಮಿಸ್ತ್ರಿಯಿಂದ ನಾಲ್ಕು ಹಳೆಯ ಬೇರಿಂಗ್ ತರಿಸಿ ತಮ್ಮ ವಾಹನ ತಾವೇ ಸಿದ್ಧಮಾಡಿಕೊಂಡರು. ಫರಸಿ ಹಾಸಿದ ಓಣಿಯಲ್ಲಿ ಅದು ಹೊರಟರೆ ಗರ್ ಎನ್ನುವ ಸದ್ದು ಎರಡು ಓಣಿಯಾಚೆಗೆ ಕೇಳುತ್ತಿತ್ತು. ಮಲಗಿದ ಕೂಸುಗಳು ಏಳುತ್ತಿದ್ದವು, ಎದ್ದ ನಾಯಿಗಳು ಓಡುತ್ತಿದ್ದವು.

ಒಂದು ದಿನ ಕಾಕಾ ಅಪ್ಪನಿಗೆ, "ಅಣ್ಣಾ, ನಾಕು ಫರಸಿ ತರಸು," ಎಂದರು.

"ಯಾಕ? ಇನ್ನೂ ಕಲ್ಲಿನ ಆಸಿ ಹೋಗಿಲ್ಲೇನು?"

"ಆ ಕಲ್ಲು ನನ್ನ ಕಾಲು ತಿಂದದ. ಇನ್ನ ಮ್ಯಾಲ ಅದೇ ನನಗ ತಿನ್ಲಿಕ್ಕ ಹಾಕ್ಲಿ."

ಎರಡು ಉದ್ದ ಫರಸಿ, ಎರಡು ಗಿಡ್ಡ ಫರಸಿ ಅಂಚಿನ ಮೇಲೆ ನಿಲ್ಲಿಸಿದರೆ ಒಂದು ಪೆಟ್ಟಿಗೆ. ಅದರ ತುಂಬ ಕೆರೆಯ ಮಣ್ಣು, ತಿಪ್ಪೆಯ ಗೊಬ್ಬರ. ಹಲಗೆಯ ಮೇಲೆ ಕೂತ ಮನುಷ್ಯನ ಕೈಮಟ್ಟಕ್ಕೆ ಹೊಲ ಬಂತು. ನಾಲ್ಕು ಫರಸಿ ಹನ್ನೆರಡಾದವು, ಪೆಟ್ಟಿಗೆ ಒಂದಿದ್ದದ್ದು ಮೂರಾದವು. ಒಂದರಲ್ಲಿ ಬದನೆ, ಒಂದರಲ್ಲಿ ಮೆಂತ್ಯೆ, ಕೊತ್ತಂಬರಿ, ಇನ್ನೊಂದರಲ್ಲಿ ಚೆಂಡುಹೂ. ಈಗ ನೀವೇ ಹೇಳಿ, ಅಂಗಳದಲ್ಲಿ ಆಳುದ್ದದ ಮೂರು ಕಲ್ಲಿನ ಪೆಟ್ಟಿಗೆ ಸಾಲಾಗಿದ್ದು ಮೇಲೆ ಹೂವೂ ಇದ್ದರೆ ದಾರಿಹೋಕರಿಗೆ ಅದು ಏನಾಗಿ ಕಾಣಬೇಕು?

ಚಿಂಚೋಳಿ ಕಡೆಯಿಂದ ಬಂದಿದ್ದ ಒಬ್ಬ ಮುದುಕಿ ತಲೆಯ ಮೇಲಿನ ಬುಟ್ಟಿ ಇಳಿಸಿ, ಊದಿನಕಡ್ಡಿ ಹಚ್ಚಿ, ಬದನೆಯ ಪೆಟ್ಟಿಗೆಗೆ ಅಡ್ಡಬಿದ್ದೇಬಿಟ್ಟಳು.

"ಯಾವ ಶರಣರ ಗದ್ದಿಗೀರಿ ಇವು?"

"ಬದನಿಕಾಯಿ ಶರಣರದು, ತಾಯಿ. ಪ್ರಸಾದ ಒಯ್ರಿ," ಎಂದು ಕಾಕಾ ಎರಡು ಕಾಯಿ ಕಿತ್ತು ಕೊಟ್ಟರು.

ಮುದುಕಿ ಕಣ್ಣಿಗೊತ್ತಿಕೊಂಡು ಒಯ್ದಳು. ಎಂಟು ದಿನಕ್ಕೆ ಮತ್ತೆ ಬಂದು, ಮೊಮ್ಮಗನ ಜ್ವರ ಇಳಿಯಿತು ಎಂದು ಸಕ್ಕರೆ ಹಂಚಿದಳು. ಅಂದಿನಿಂದ ಆ ಬದನೆಯ ಎಣ್ಣೆಗಾಯಿ ಮಾಡುವ ಮುಂಚೆ ನಮ್ಮವ್ವ ಅದಕ್ಕೆ ಕೈ ಮುಗಿಯತೊಡಗಿದಳು.

ಓಣಿಯವರಿಗೆ ಇದು ನಗೆಯ ಮಾತು. ಸಾಲಿಯಲ್ಲಿ ಹುಡುಗಿಯರು ನನ್ನನ್ನು "ಗೋರಿ ಮನೆಯಾಕಿ" ಎಂದು ಕರೆಯುತ್ತಿದ್ದರು. ನಾನು ಹಿತ್ತಲ ಬಾಗಿಲಿನಿಂದ ಸಾಲಿಗೆ ಹೋಗತೊಡಗಿದೆ. ಹಿತ್ತಲಿನಿಂದ ದಾರಿ ದೂರ, ಮುಳ್ಳುಕಂಟಿ ಬೇರೆ. ಆದರೂ ಆ ಗರ್ ಎನ್ನುವ ಹಲಗೆ ನನ್ನ ಜತೆಗೆ ಊರ ಅಗಸಿಯವರೆಗೆ ಬರುವುದಕ್ಕಿಂತ ಮುಳ್ಳೇ ಹಿತವೆನಿಸುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಕಾಕಾ ತಮ್ಮ ಹೊಲಕ್ಕೆ ಒಬ್ಬ ಪಾಲುದಾರನನ್ನೂ ಹುಡುಕಿಕೊಂಡರು. ಆತ ಕಣ್ಣು ಹೋಗಿ ಹೊಲಿಗೆ ಬಿಟ್ಟಿದ್ದ ದರ್ಜಿ ಮಹಬೂಬಸಾಬ. ಕಾಕಾ ಒಂದು ಪೆಟ್ಟಿಗೆಯ ಮೂಲೆಗೆ ಪುದೀನ, ಇನ್ನೊಂದರ ಮೂಲೆಗೆ ತುಳಸಿ ನೆಟ್ಟರು. ಕೈಯಿಂದ ಸವರಿ ಮೂಸಿದರೆ ತಾನು ಎಲ್ಲಿದ್ದೇನೆ ಎಂದು ಸಾಬನಿಗೆ ಗೊತ್ತಾಗುತ್ತಿತ್ತು. ಬಿತ್ತುವುದಕ್ಕೆ ಒಂದು ದಾರ, ದಾರಕ್ಕೆ ಗೇಣಿಗೊಂದು ಗಂಟು, ಗಂಟಿಗೊಂದು ಬೀಜ. ದರ್ಜಿಯ ಬೆರಳು ನೋಡಿ, ಸಾಲು ಹೊಲಿಗೆ ಹಾಕಿದಂತೆ ನೇರ ಬರುತ್ತಿತ್ತು.

ಒಮ್ಮೆ ಮಾತ್ರ ಆತ ಕಸ ತೆಗೆಯುವ ಭರದಲ್ಲಿ ಮೆಂತ್ಯೆಯನ್ನೆಲ್ಲ ಕಿತ್ತು ಕಸವನ್ನು ಉಳಿಸಿದ.

"ಸಾಬ, ಏನ್ ಮಾಡ್ದಿ?"

"ಕಸ ತಗದೀನಿ, ಭಾಯಿ. ಒಂದ್ ಕಡ್ಡಿ ಬಿಟ್ಟಿಲ್ಲ."

"ಭಾಳ ಛಲೋ ಮಾಡ್ದಿ. ಇಂಥಾ ಕಸ ಬೆಳಿಲಿಕ್ಕ ನನಗ ಹದಿನೈದು ದಿನ ಹಿಡದಿತ್ತು."

ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಿತ್ತ ಎಳೆ ಮೆಂತ್ಯೆ ತೊಳೆದು, ಉಳ್ಳಾಗಡ್ಡಿ ಹೆಚ್ಚಿ ಪಚಡಿ ಮಾಡಿಸಿ ರೊಟ್ಟಿ ತಿಂದರು. ಮನೆಯಲ್ಲಿ ಮಲಗಿ ಮಗ್ಗುಲು ಬದಲಿಸುತ್ತಿದ್ದ ಆ ದರ್ಜಿ ಎಷ್ಟೋ ದಿನದ ಮೇಲೆ ನಕ್ಕದ್ದು ಅಂದು ಎಂದು ಆತನ ಹೆಂಡತಿ ಅವ್ವನ ಮುಂದೆ ಹೇಳಿ ಅತ್ತಳಂತೆ. ನಾನು ಆಗ ಒಳಗಿನ ಕೋಣೆಯ ಕಿಟಕಿ ಹಾಕಿಕೊಂಡು ಕೂತಿದ್ದೆ. ಕುಂಟರು, ಕುರುಡರು ಸೇರಿ ನಗುವುದು ಓಣಿಗೆಲ್ಲ ಕೇಳುತ್ತದಲ್ಲ ಎಂಬುದೇ ನನ್ನ ದುಃಖ.

ರಾಜ್ಯಕ್ಕೆ ಮೈಸೂರು ಹೋಗಿ ಕರ್ನಾಟಕ ಎಂದು ಹೆಸರಾದ ವರ್ಷವೇ ನನ್ನ ಅಡ್ಡಹೆಸರೂ ಬದಲಾಯಿತು. ಸೇಡಂನಿಂದ ವರನ ಕಡೆಯವರು ನನ್ನನ್ನು ನೋಡಲು ಬಂದರು. ವರ ಮಾಸ್ತರ. ಜತೆಗೆ ಅವರ ತಾಯಿ. ಕುರಕುಂಟಾದ ಒಕ್ಕಲುತನದ ಮನೆಯ ಮಗಳು, ಗಂಡ ಸತ್ತ ಮೇಲೆ ಒಬ್ಬಳೇ ಮನೆತನ ನಡೆಸಿದವಳು. ನಾನು ಚಹಾ ಹಿಡಿದು ನಿಂತಿದ್ದಾಗ ಆಕೆಯ ಕಣ್ಣು ಕಿಟಕಿಯಾಚೆ ಹೋಯಿತು. ಅಲ್ಲಿ ಕಾಕಾ ಹಲಗೆಯ ಮೇಲೆ ಕೂತು ಗಿಡಕ್ಕೆ ನೀರು ಹಾಕುತ್ತಿದ್ದರು. ಆ ದಿನ ಹಾಗೆ ದೂರ ಇರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೇ ಅರಿತು ದೂರ ಇದ್ದರು.

"ಅಂವ ಯಾರವ್ವಾ?"

ಕೇಳಿದ್ದು ನನ್ನನ್ನೇ. ಅಪ್ಪ ಬಾಯಿ ತೆರೆಯುವುದರೊಳಗೆ ನಾನು ಹೇಳಿಬಿಟ್ಟೆ. "ಮಾಲಿರಿ."

ಅಪ್ಪ ಬಸಿಯಲ್ಲಿದ್ದ ಚಹಾ ನೋಡತೊಡಗಿದರು. ಹೊರಗೆ ನೀರಿನ ಸದ್ದು ನಿಂತಿತು. ಕಿಟಕಿಗೂ ಪೆಟ್ಟಿಗೆಗೂ ನಡುವೆ ಮೂರು ಮಾರು ದೂರ, ಅಷ್ಟೆ. ಆಮೇಲೆ ಕಾಕಾನ ದನಿ ಕೇಳಿತು. "ಅವ್ವಾರ, ಹೋಗೂಮುಂದ ನಾಕು ಬದನಿಕಾಯಿ ಒಯ್ರಿ. ಮಾಲಿ ಕೈಯವು ರುಚಿ ಇರ್ತಾವ."

ಮುಸುರೆ ತಿಕ್ಕಲು ಆಳಿಲ್ಲದ ಮನೆಗೆ ಮಾಲಿ! ಆದರೆ ಆಕೆಗೆ ಅದು ಹೊಳೆಯಲಿಲ್ಲ. ಮಾಲಿ ಇಟ್ಟವರ ಮನೆತನ ಅನುಕೂಲವೇ ಇರಬೇಕು ಎಂದುಕೊಂಡು ಅಂದೇ ಹೂಂ ಎಂದಳು.

ಅವರು ಹೋದ ಮೇಲೆ ಕಾಕಾ ಬೈಯಬಹುದು ಎಂದು ಕಾದೆ. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಅವರು ಬಂದು, "ಮಗಳ, ಮಾಲಿ ಅಂದಮ್ಯಾಲ ರುಮಾಲು ಬೇಕಲ್ಲ? ನಿಮ್ಮಪ್ಪಂದು ಹಳೇದು ಇದ್ರ ಕೊಡು," ಎಂದರು.

ಮದುವೆಯಲ್ಲಿ ಆ ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ಕೂತು ಹೂಮಾಲೆ ಕಟ್ಟಿದರು. ನನಗೆ ಅಕ್ಷತೆ ಹಾಕಲು ಮುಂದೆ ಬರಲಿಲ್ಲ. ದೂರದಿಂದಲೇ ಹಾಕಿದರಂತೆ. ಹಲಗೆಯ ಮೇಲೆ ಕೂತವರು ಹಾಕಿದ ಅಕ್ಷತೆ ಎಲ್ಲಿಯವರೆಗೆ ಬಂದೀತು?

ಗಂಡನಿಗೆ ನಿಜ ಹೇಳಲು ನನಗೆ ಆರು ತಿಂಗಳು ಹಿಡಿಯಿತು. ಅವರು, "ಅವ್ವಗ ಹೇಳಬ್ಯಾಡ," ಎಂದರು. ಹೀಗೆ ನನ್ನ ಸುಳ್ಳಿಗೆ ಇನ್ನೊಬ್ಬರು ಪಾಲುದಾರರಾದರು.

ನಾಲ್ಕು ವರ್ಷಕ್ಕೆ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು, ಬಾಯಿ ಸೊಟ್ಟಾಯಿತು. ಕೈಗೆ ದಿನಾ ಕೆಲಸ ಕೊಡಿ, ಮಾತಾಡಿಸಿ ಎಂದು ಡಾಕ್ಟರು ಹೇಳಿದರು. ಯಾರು ಮಾತಾಡಿಸುವುದು? ಇಡೀ ಓಣಿಯನ್ನು ದನಿಯಿಂದಲೇ ಆಳಿದಾಕೆ ಎರಡು ತಿಂಗಳು ಒಂದು ಶಬ್ದ ಆಡಲಿಲ್ಲ. ಕೈಗೆ ಕೊಟ್ಟ ಚೆಂಡನ್ನು ಎಡಗೈಯಿಂದ ನನ್ನ ಕಡೆಗೇ ಎಸೆದಳು. ಗುರಿ ಮಾತ್ರ ತಪ್ಪಿರಲಿಲ್ಲ.

ಮಹಬೂಬಸಾಬನ ಕಥೆ ನನ್ನಿಂದ ಕೇಳಿದ್ದ ಗಂಡ ಒಂದು ದಿನ, "ನಿಮ್ಮ ಕಾಕಾನ್ನ ಕರಸಿದ್ರ ಹ್ಯಾಂಗ?" ಎಂದರು.

"ಏನಂತ ಕರಸೋದು?"

ಅವರು ಕಾಗದ, ಪೆನ್ನು ತಂದು ಮುಂದಿಟ್ಟರು. ನಾನು ಕಾಗದದಲ್ಲಿ ಅತ್ತೆಯ ಸ್ಥಿತಿ ಬರೆದೆ, ಬನ್ನಿ ಎಂದು ಬರೆದೆ. ಯಾರಾಗಿ ಬನ್ನಿ ಎಂದು ಬರೆಯಲಿಲ್ಲ.

ಕಾಕಾ ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ, ಹಮಾಲರ ಹೆಗಲ ಮೇಲೆ ಇಳಿದು, ಸೇಡಂ ಸ್ಟೇಷನ್ನಿನಿಂದ ಗರ್ ಎನ್ನುತ್ತಾ ಬಂದರು. ತಲೆಗೆ ರುಮಾಲು ಸುತ್ತಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಕೈ ಮುಗಿದು, "ನಮಸ್ಕಾರರಿ ಬಾಯಾರ," ಎಂದರು. ಕಾಲಿದ್ದಾಗ ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ಕಾಕಾ ನನಗೆ, ಆಳು ಒಡತಿಗೆ ಅನ್ನುವಂತೆ, ಬಾಯಾರ ಎಂದರು. ನಾನು, "ಬಾ, ಕಟ್ಟಿ ಮ್ಯಾಲ ಕುಂದ್ರು," ಎಂದೆ. ಏಕವಚನ ಎಷ್ಟು ಸಲೀಸಾಗಿ ಬಂತೆಂದರೆ, ಈಗ ನೆನೆದರೂ ನಾಲಗೆ ಸುಟ್ಟಂತಾಗುತ್ತದೆ.

ಅತ್ತೆಗೆ ನೆಲದ ಪೆಟ್ಟಿಗೆ ಆಗದು. ಕಾಕಾ ಕಲ್ಲಿನ ಮೇಜು ಮಾಡಿಸಿದರು. ಎರಡು ಫರಸಿ ಕಾಲು, ಮೇಲೊಂದು ಫರಸಿ, ಸುತ್ತ ಗೇಣೆತ್ತರದ ಅಂಚು. ಕುರ್ಚಿಯಲ್ಲಿ ಕೂತವರ ಮೊಣಕಾಲು ಅಡಿಗೆ ಹೋಗಬೇಕು, ಕೈ ಮಣ್ಣಿಗೆ ಬರಬೇಕು. ತಮಗೆ ಮಾತ್ರ ಅದು ತಲೆಯೆತ್ತರವಾಯಿತು. ಪಕ್ಕದಲ್ಲಿ ಕಲ್ಲು ಪೇರಿಸಿಕೊಂಡು ಮೇಲೆ ಹತ್ತಿ ಕೂತರು. ಅತ್ತೆಯ ಕುರ್ಚಿ ಹೊರಗೆ ತರಿಸಿದರೂ ಅವರು ಆಕೆಯನ್ನು ಏನೂ ಕೇಳಲಿಲ್ಲ. ಆಕೆಯ ಕಣ್ಣೆದುರಿಗೇ ಮೆಣಸಿನ ಸಸಿಗಳನ್ನು ಒಂದಕ್ಕೊಂದು ಅಂಟಿಸಿ, ಹಿಂಡು ಹಿಂಡಾಗಿ ನೆಡತೊಡಗಿದರು. ಒಕ್ಕಲಗಿತ್ತಿ ಎಷ್ಟು ಹೊತ್ತು ಸಹಿಸಿಯಾಳು?

"ಹುಚ್...ಚ," ಎಂಬ ಶಬ್ದ ಬಂತು. ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು. "ದೂ...ರ."

"ಏನಂದ್ರಿ ಅವ್ವಾರ? ನನಗ ಕಿವಿ ಜರಾ ಮಂದ ಅದ."

"ದೂರ... ದೂರ ಹಚ್ಚು!"

ಕಾಲಿಲ್ಲದ್ದು ಸಾಲದೆಂದು ಕಾಕಾ ಅಂದಿನಿಂದ ಕಿವುಡರೂ ಆದರು. ಪ್ರತಿ ಮಾತನ್ನೂ ಮೂರು ಸಲ ಹೇಳಿಸಿಕೊಳ್ಳುತ್ತಿದ್ದರು. ಅತ್ತೆಯ ಬಲಗೈಗೆ ಹಳೆಯ ಅರಿವೆಯಿಂದ ಕಳೆ ಕೀಳುವ ಖುರಪಿ ಕಟ್ಟಿ, ಅದರ ಮೇಲೆ ಎಡಗೈ ಇಡಿಸಿ ಮಣ್ಣು ಸಡಿಲಿಸಲು ಹಚ್ಚಿದರು. ತಪ್ಪು ಮಾಡುವುದು ಮಾಲಿ, ತಿದ್ದುವುದು ಅತ್ತೆ. ಮೊದಮೊದಲು ಬೈಗಳು ಬಂದವು, ಆಮೇಲೆ ಪೂರ್ತಿ ವಾಕ್ಯಗಳು. ಎದ್ದ ಕೂಡಲೇ, "ಆ ಕಿವುಡ ಬಂದನೇನು?" ಎಂದು ಕೇಳುವಷ್ಟಾಯಿತು. ಬೆರಳು ಖುರಪಿಯನ್ನು ತಾವಾಗಿ ಹಿಡಿಯಲಿಲ್ಲ, ಅಷ್ಟು ಸುಳ್ಳು ಹೇಳಲಾರೆ. ಆದರೆ ಮಣ್ಣಿನಲ್ಲಿ ಒಂದೊಂದಾಗಿ ಅಲುಗತೊಡಗಿದವು.

ಇದೆಲ್ಲ ನಡೆದಾಗ ನಾನು ಏನು ಮಾಡುತ್ತಿದ್ದೆ? ಆಳಿಗೆಂದು ಬೇರೆ ಇಟ್ಟ ಸಿಲವಾರ ಲೋಟದಲ್ಲಿ ಕಾಕಾಗೆ ಚಹಾ ಕೊಡುತ್ತಿದ್ದೆ. ಕುಡಿದ ಮೇಲೆ ಅವರೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು, ರಾತ್ರಿ ಅದೇ ಕಟ್ಟೆಯ ಮೇಲೆ ಮಲಗುತ್ತಿದ್ದರು. ಒಂದು ಸಲ ಅತ್ತೆ ನಿದ್ದೆ ಹೋಗಿದ್ದಾಗ ಮೆಲ್ಲಗೆ, "ಕಾಕಾ, ಹೇಳಿಬಿಡ್ತೀನಿ," ಎಂದೆ. "ಬ್ಯಾಡ," ಎಂದರು. "ಬೀಗ ಅಂತ ಗೊತ್ತಾದ್ರ ಬೈಯೂದಿಲ್ಲ. ಬೈದ್ರನೇ ಆಕಿ ನಾಲಗಿ ತಿರಗ್ತದ." ನನಗೆ ಹಾಯೆನಿಸಿತು. ಹಾಯೆನಿಸಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮೊದಲ ಮೆಣಸಿನಕಾಯಿ ಕಿತ್ತ ದಿನ ಅತ್ತೆ ಖುಷಿಯಲ್ಲಿದ್ದಳು. ಮಾವನ ಹಳೆಯ ಧೋತರವೊಂದನ್ನು ಪೆಟ್ಟಿಗೆಯಿಂದ ತೆಗೆಸಿ, "ಮಾಲಿಗಿ... ಕೊಡು," ಎಂದು ನನ್ನ ಕೈಗಿತ್ತಳು. ನಾನು ಕೊಟ್ಟೆ. ಕಾಕಾ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ನನಗ ಅರ್ಧ ಸಾಕ್ರಿ ಅವ್ವಾರ. ಉಳದದ್ದು ಸಸಿಗಿ ನೆಳ್ಳು ಮಾಡ್ತೀನಿ."

ಅತ್ತೆ ಸೊಟ್ಟ ಬಾಯಲ್ಲೇ ನಕ್ಕಳು. ಕಾಕಾನೂ ನಕ್ಕರು. ನನಗೆ ಆಗದೇ ಹೋಯಿತು. ಧೈರ್ಯ ಬಂತೆಂದು ತಿಳಿಯಬೇಡಿ, ಸುಳ್ಳು ಹಿಡಿದುಕೊಂಡು ನಿಲ್ಲುವ ಶಕ್ತಿ ಮುಗಿದಿತ್ತು.

"ಅತ್ತೀ, ಇವರು ಮಾಲಿ ಅಲ್ಲರಿ. ನಮ್ಮ ಕಾಕಾ. ನಮ್ಮಪ್ಪನ ಖಾಸ ತಮ್ಮ."

ಕಾಕಾ ನನ್ನ ಮೇಲೆ ಸಿಟ್ಟಾದದ್ದು ಜನ್ಮದಲ್ಲಿ ಅದೊಂದೇ ಸಲ. "ನಿನಗ ಬುದ್ಧಿ ಇಲ್ಲ ನೋಡು. ಇನ್ನೊಂದ್ ತಿಂಗಳ ತಡಕೊಂಡಿದ್ರ ಕೈ ಪೂರಾ ತಿರಗತಿತ್ತು."

ಅತ್ತೆ ನನ್ನನ್ನು ನೋಡಿದಳು. ಆ ಚೆಂಡನ್ನೇ ಮತ್ತೆ ಎಸೆದಿದ್ದರೆ ಒಳ್ಳೆಯದಿತ್ತು. ಆಮೇಲೆ ಮಣ್ಣು ಹತ್ತಿದ ಎಡಗೈಯಿಂದ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡಳು.

"ಬೀಗ್ರ," ಎಂದಳು, "ಒಳಗ... ಬರ್ರಿ."

ಮನೆಯ ಮುಂದೆ ಎರಡು ಮೆಟ್ಟಿಲು, ಅದರ ಮೇಲೆ ಎತ್ತರದ ಹೊಸ್ತಿಲು. ಹಲಗೆ ಹತ್ತುವಂತಿರಲಿಲ್ಲ. ಗಂಡ ಸಾಲಿಗೆ ಹೋಗಿದ್ದರು. ಎತ್ತಬೇಕಾದವಳು ನಾನೇ. ಕಾಲು ಹೋದ ಮೇಲೆ ನಾನು ಕಾಕಾನನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಬಾಗಿದೆ. ಅವರು ಎರಡೂ ಕೈ ನನ್ನ ಕೊರಳಿಗೆ ಹಾಕಿದರು. ಎತ್ತುವ ಮುಂಚೆ ನನ್ನ ಕಣ್ಣು ತಾನಾಗಿಯೇ ಓಣಿಯ ಆ ತುದಿಗೆ ಹೋಯಿತು, ಈ ತುದಿಗೆ ಬಂತು. ಕಾಕಾನ ಮುಖ ನನ್ನ ಮುಖದ ಪಕ್ಕದಲ್ಲೇ ಇತ್ತು, ಅವರು ಅದನ್ನೂ ಕಂಡರು.

"ಯಾರೂ ಇಲ್ಲ ಮಗಳ," ಎಂದು ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. "ನಡಿ."